ಗಡಿಯಾಚೆ ಕೊಂಡ ಲಾಟರಿ ಟಿಕೆಟ್: ಖರೀದಿಯಿಂದ ಬಹುಮಾನ ಕೈಸೇರುವವರೆಗೆ, ಹಂತ ಹಂತವಾಗಿ

ಮಿರಜಿಗೆ ಆಸ್ಪತ್ರೆಗೆಂದು ಹೋದವರು, ಸೊಲ್ಲಾಪುರಕ್ಕೆ ವ್ಯಾಪಾರಕ್ಕೆ ಹೋದವರು, ಮಾಲೆ ಹಾಕಿ ಶಬರಿಮಲೆಗೆ ಹೋದವರು ಬರುವಾಗ ಜೇಬಿನಲ್ಲಿ ಒಂದೆರಡು ಲಾಟರಿ ಟಿಕೆಟ್ ತಂದಿರುತ್ತಾರೆ. ಬೆಳಗಾವಿ, ಬಾಗಲಕೋಟೆ, ವಿಜಯಪುರದ ಕಡೆ ಇದು ಹೊಸದೇನಲ್ಲ. ಆದರೆ ನಮ್ಮಲ್ಲಿ ಲಾಟರಿ ಮಾರಾಟ ಇಲ್ಲ. ಹಾಗಾಗಿ ನಿಯಮ ಹೇಳಿಕೊಡುವ ಅಂಗಡಿಯವನೂ ಇಲ್ಲ, ಕೇಳಲು ಕಚೇರಿಯೂ ಇಲ್ಲ.

ಅದಕ್ಕೇ ಅವೇ ತಪ್ಪುಗಳು ಮತ್ತೆ ಮತ್ತೆ ಆಗುತ್ತವೆ. ನಂಬರಿನ ಮುಂದಿನ ಸರಣಿ ಅಕ್ಷರ ನೋಡದೆ ಮೊದಲ ಬಹುಮಾನ ಬಂತೆಂದು ಊರಿಗೆಲ್ಲ ಪೇಡೆ ಹಂಚುತ್ತಾರೆ. ಗಡುವು ಮುಗಿದ ಮೇಲೆ ಟಿಕೆಟ್ ಹುಡುಕುತ್ತಾರೆ. ವಾಟ್ಸಾಪಿನಲ್ಲಿ ಬಂದ ಟಿಕೆಟ್ ಫೋಟೋ ನಂಬಿ ಹಣ ಕಳಿಸುತ್ತಾರೆ. ಇಂಥ ಕಡೆ ಹೋಗುವುದು ಅದೃಷ್ಟವಲ್ಲ, ಹಣ. ಇದನ್ನು ಸ್ವಲ್ಪ ತಿಳಿದುಕೊಂಡರೆ ತಪ್ಪಿಸಬಹುದು. ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಓದಿ.

## ಮೊದಲು ಕೈಯಲ್ಲಿರಬೇಕಾದವು

ಆಧಾರ್, ಪ್ಯಾನ್ ಕಾರ್ಡ್, ನಿಮ್ಮದೇ ಹೆಸರಿನ ಬ್ಯಾಂಕ್ ಖಾತೆ. ಈ ಮೂರರಲ್ಲೂ ಹೆಸರು ಒಂದೇ ರೀತಿ ಇರಲಿ. ಒಂದರಲ್ಲಿ ಅಪ್ಪನ ಹೆಸರು ಮಧ್ಯದಲ್ಲಿ, ಇನ್ನೊಂದರಲ್ಲಿ ಅಡ್ಡಹೆಸರು ಮೊದಲು, ಮತ್ತೊಂದರಲ್ಲಿ ಬರೀ ಇನಿಷಿಯಲ್ಲು ಎಂದಿದ್ದರೆ ಈಗಲೇ ಸರಿ ಮಾಡಿಸಿ. ಬಹುಮಾನ ಬಂದ ಮೇಲೆ ತಿದ್ದುಪಡಿಗೆ ಓಡಾಡುತ್ತ ಕುಳಿತರೆ ಗಡುವಿನ ಅರ್ಧದಷ್ಟು ದಿನಗಳು ಅಲ್ಲೇ ಕಳೆಯುತ್ತವೆ. ಇದಲ್ಲದೆ ಒಂದು ನೀಲಿ ಪೆನ್ನು, ಟಿಕೆಟ್ ಇಡಲು ಒಂದು ಪ್ಲಾಸ್ಟಿಕ್ ಕವರ್ ಸಾಕು.

## ಹಂತ 1: ಎಲ್ಲಿ ಕೊಳ್ಳಬಹುದು, ಎಲ್ಲಿ ಕೊಳ್ಳಬಾರದು

ಲಾಟರಿಗೆ ದೇಶದಲ್ಲಿ 1998ರ ಲಾಟರಿ ನಿಯಂತ್ರಣ ಕಾಯ್ದೆ ಇದೆ. ಅದರ ಪ್ರಕಾರ ಲಾಟರಿ ನಡೆಸುವುದು ರಾಜ್ಯ ಸರ್ಕಾರಗಳು. ಬೇರೆ ರಾಜ್ಯದ ಲಾಟರಿ ತನ್ನ ನೆಲದಲ್ಲಿ ಮಾರದಂತೆ ತಡೆಯುವ ಅಧಿಕಾರವೂ ರಾಜ್ಯಕ್ಕಿದೆ. ಕರ್ನಾಟಕ 2007ರಲ್ಲಿ ಎಲ್ಲ ಲಾಟರಿ ಮಾರಾಟವನ್ನೂ ನಿಲ್ಲಿಸಿತು. ಮಹಾರಾಷ್ಟ್ರ, ಗೋವಾ, ಕೇರಳದಲ್ಲಿ ಲಾಟರಿ ಇದೆ.

ಅಂದರೆ ನಿಪ್ಪಾಣಿ ದಾಟಿ ಕಾಗಲ್‌ಗೆ ಹೋದರೆ ಅಂಗಡಿಯಲ್ಲಿ ಟಿಕೆಟ್ ಕೊಳ್ಳಬಹುದು. ಅದೇ ಟಿಕೆಟ್ಟನ್ನು ನಿಪ್ಪಾಣಿಯಲ್ಲಿ ಯಾರಾದರೂ ಮಾರಿದರೆ ಅದು ಅಪರಾಧ. ಕಾಗವಾಡ ಮತ್ತು ಮಿರಜ್ ನಡುವೆಯೂ ಇದೇ ಲೆಕ್ಕ. ಹೊರಗೆ ಹೋದಾಗ ನಿಮಗಾಗಿ ಒಂದು ಟಿಕೆಟ್ ಕೊಳ್ಳುವುದು ಬೇರೆ, ಹತ್ತು ಟಿಕೆಟ್ ತಂದು ಓಣಿಯಲ್ಲಿ ಹತ್ತು ರೂಪಾಯಿ ಹೆಚ್ಚಿಗೆ ಇಟ್ಟು ಮಾರುವುದು ಬೇರೆ. ಎರಡನೆಯದಕ್ಕೆ ಕೈ ಹಾಕಬೇಡಿ, ಗೆಳೆಯರಿಗಾಗಿ ಅಂದರೂ ಬೇಡ.

ಕರ್ನಾಟಕದವರು ಹೊರಗೆ ಕೊಂಡ ಟಿಕೆಟ್ಟಿಗೆ ಬಹುಮಾನ ಕೊಡುತ್ತಾರಾ ಎಂದು ಎಲ್ಲರೂ ಕೇಳುತ್ತಾರೆ. ಕೊಡುತ್ತಾರೆ. 2024ರ ಕೇರಳದ ತಿರುವೋಣಂ ಬಂಪರ್‌ನ 25 ಕೋಟಿ ರೂಪಾಯಿ ಮೊದಲ ಬಹುಮಾನ ಬಂದದ್ದು ಮಂಡ್ಯ ಜಿಲ್ಲೆಯವರಿಗೆ. ಟಿಕೆಟ್ ಕೇರಳದಲ್ಲೇ ಕೊಂಡದ್ದಾಗಿತ್ತು.

ಇನ್ನು ಓಸಿ, ಮಟ್ಕಾ. ಚೀಟಿಯಲ್ಲಿ ಒಂದಂಕಿ, ಎರಡಂಕಿ ಬರೆಸಿಕೊಳ್ಳುವ ಈ ಆಟ ಲಾಟರಿಯೇ ಅಲ್ಲ. ಒಂದೇ ಅಂಕಿಯ ಮೇಲೆ ಬಹುಮಾನ ಕೊಡುವುದನ್ನು ಲಾಟರಿ ಕಾಯ್ದೆಯೇ ಒಪ್ಪುವುದಿಲ್ಲ. ಬರೆಯುವವನ ಮೇಲೂ ಬರೆಸುವವನ ಮೇಲೂ ಪೊಲೀಸ್ ಕೇಸ್ ಆಗುತ್ತದೆ. ಗೆದ್ದರೂ ಆ ಹಣ ಕೇಳಲು ನಿಮಗೆ ಯಾವ ದಾರಿಯೂ ಇಲ್ಲ.

## ಹಂತ 2: ಆಟ ಹೇಗೆ ನಡೆಯುತ್ತದೆ ಎಂದು ತಿಳಿದುಕೊಳ್ಳಿ

ಡ್ರಾ ಇರುವ ಲಾಟರಿ ಎರಡು ಬಗೆ.

ಮೊದಲನೆಯದು ಮುದ್ರಿತ ಟಿಕೆಟ್. ನಂಬರ್ ಮೊದಲೇ ಅಚ್ಚಾಗಿರುತ್ತದೆ. ಅಂಗಡಿಯವನ ಮುಂದೆ ಇರುವ ಕಟ್ಟಿನಲ್ಲಿ ನಿಮಗೆ ಬೇಕಾದ್ದನ್ನು ಆರಿಸಬಹುದು, ಅಷ್ಟೇ. ನಮ್ಮವರು ಕೊಳ್ಳುವುದು ಹೆಚ್ಚಾಗಿ ಇದನ್ನೇ.

ಎರಡನೆಯದರಲ್ಲಿ ನಂಬರ್ ನೀವೇ ಆರಿಸುತ್ತೀರಿ. 1ರಿಂದ 49ರವರೆಗಿನ ಅಂಕಿಗಳಲ್ಲಿ 6 ಆರಿಸಿ ಎನ್ನುವಂಥ ಆಟಗಳು ಇವು. 49ರಲ್ಲಿ 6 ಆರಿಸಲು 1,39,83,816 ಬಗೆ ಇವೆ. ನೀವು ಹುಟ್ಟಿದ ದಿನ ಹಾಕಿ, ಗಾಡಿ ನಂಬರ್ ಹಾಕಿ, ಎಲ್ಲಕ್ಕೂ ಅವಕಾಶ ಒಂದೇ.

ಮುದ್ರಿತ ಟಿಕೆಟ್‌ನ ಲೆಕ್ಕಕ್ಕೆ ಕೇರಳದ ವಾರದ ಲಾಟರಿ ಒಳ್ಳೆಯ ಉದಾಹರಣೆ. ಟಿಕೆಟ್ ಮೇಲೆ ಎರಡು ಅಕ್ಷರದ ಸರಣಿ, ಮುಂದೆ ಆರು ಅಂಕಿ. ನಂಬರ್ 100000ದಿಂದ 999999ರವರೆಗೆ, ಅಂದರೆ ಒಂದು ಸರಣಿಗೆ 9 ಲಕ್ಷ ಟಿಕೆಟ್. ಸರಣಿ 12. ಪೂರ್ತಿ ಮುದ್ರಿಸಿದರೆ 1 ಕೋಟಿ 8 ಲಕ್ಷ ಟಿಕೆಟ್. ಇಷ್ಟರಲ್ಲಿ ಮೊದಲ ಬಹುಮಾನ ಒಂದಕ್ಕೆ.

ಡ್ರಾ ನಡೆಯುವುದು ತಿರುವನಂತಪುರದಲ್ಲಿ, ಮಧ್ಯಾಹ್ನ 3ಕ್ಕೆ, ತೀರ್ಪುಗಾರರ ಎದುರಿಗೆ. ಸಾಲಾಗಿ ಜೋಡಿಸಿದ ಚಕ್ರಗಳ ಯಂತ್ರವಿದೆ. ಗುಂಡಿ ಒತ್ತಿದರೆ ಚಕ್ರಗಳು ತಿರುಗಿ ನಿಲ್ಲುತ್ತವೆ. ಒಂದು ಚಕ್ರ ಸರಣಿ ತೋರಿಸುತ್ತದೆ, ಉಳಿದವು ಅಂಕಿ. ಮೊದಲ ಬಹುಮಾನದ ನಂಬರ್ ಮಾರಾಟವಾಗದ ಟಿಕೆಟ್ಟಿಗೆ ಬಿದ್ದರೆ ಮತ್ತೆ ಡ್ರಾ ಮಾಡುತ್ತಾರೆ. ಎಲ್ಲ ರಾಜ್ಯಗಳಲ್ಲೂ ಹೀಗೇ ಇರುತ್ತದೆಂದು ತಿಳಿಯಬೇಡಿ. ಆಯಾ ಲಾಟರಿಯ ನಿಯಮ ಟಿಕೆಟ್ ಹಿಂದೆ ಅಚ್ಚಾಗಿರುತ್ತದೆ, ಓದಿ.

ಸಣ್ಣ ಬಹುಮಾನಗಳು ಬಹುಪಾಲು ಕೊನೆಯ ನಾಲ್ಕು ಅಂಕಿಯ ಮೇಲೆ. ನಾಲ್ಕು ಅಂಕಿಗೆ 0000ದಿಂದ 9999ರವರೆಗೆ 10,000 ಜೋಡಣೆ. ಒಂದು ಬಹುಮಾನಕ್ಕೆ ಅಂಥ 100 ನಂಬರ್ ತೆಗೆದರೆ, ನೂರು ಟಿಕೆಟ್ಟಿಗೆ ಒಂದಕ್ಕೆ ಅದು ಹತ್ತುತ್ತದೆ. ಅದರ ಮೊತ್ತ ಎಷ್ಟು ಎಂದು ಪಟ್ಟಿಯಲ್ಲಿ ನೋಡಿ, ನೂರು ಟಿಕೆಟ್ಟಿನ ಬೆಲೆಯ ಪಕ್ಕ ಇಟ್ಟು ನೋಡಿ. ಆಟ ಯಾರ ಕಡೆಗೆ ವಾಲಿದೆ ಎಂದು ಆಗಲೇ ಗೊತ್ತಾಗುತ್ತದೆ.

## ಹಂತ 3: ಕೊಳ್ಳುವ ಮೊದಲೇ ಮೊತ್ತ ಗೊತ್ತುಮಾಡಿ

ವಾರಕ್ಕೊಂದು ಟಿಕೆಟ್‌ನಂತೆ 50 ವರ್ಷ ಕೊಂಡರೆ 2,600 ಟಿಕೆಟ್ ಆಗುತ್ತವೆ. ಟಿಕೆಟ್ಟಿಗೆ 50 ರೂಪಾಯಿ ಅಂದರೆ 1 ಲಕ್ಷ 30 ಸಾವಿರ. ಮೇಲಿನ ಲೆಕ್ಕದಲ್ಲಿ, ಇಷ್ಟೆಲ್ಲ ಮಾಡಿದ ಮೇಲೂ ಮೊದಲ ಬಹುಮಾನದ ಅವಕಾಶ ಸುಮಾರು 4,150ಕ್ಕೆ ಒಂದು. ಇದು ಗಳಿಕೆಯ ದಾರಿಯಲ್ಲ. ಸಾಲ ತೀರಿಸುವ ದಾರಿಯಂತೂ ಅಲ್ಲವೇ ಅಲ್ಲ.

ಹಾಗಾಗಿ ಹೋದರೆ ಹೋಗಲಿ ಎನ್ನುವಷ್ಟು ಹಣ ಮಾತ್ರ ಬೇರೆ ತೆಗೆದಿಡಿ. ಅದು ಮುಗಿದರೆ ಆ ತಿಂಗಳು ಮುಗಿಯಿತು. ಸಂಘದ ಕಂತು, ಬೀಜ ಗೊಬ್ಬರದ ದುಡ್ಡು, ಮಕ್ಕಳ ಫೀಸು ಇದಕ್ಕೆ ತಾಗಬಾರದು.

ಎಚ್ಚರಿಕೆಯ ಲಕ್ಷಣಗಳು ಹೀಗಿರುತ್ತವೆ: ಕಳೆದದ್ದನ್ನು ಎತ್ತಬೇಕೆಂದು ಮುಂದಿನ ವಾರ ಜಾಸ್ತಿ ಕೊಳ್ಳುವುದು, ಮನೆಯಲ್ಲಿ ಟಿಕೆಟ್ ಬಚ್ಚಿಡುವುದು, ಬೇರೆ ಕೆಲಸವಿಲ್ಲದಿದ್ದರೂ ಟಿಕೆಟ್ಟಿಗೆಂದೇ ಗಡಿ ದಾಟುವುದು, ಕೈಗಡ ತಂದು ಕೊಳ್ಳುವುದು. ಇವುಗಳಲ್ಲಿ ಒಂದು ಕಂಡರೂ ಅಲ್ಲಿಗೇ ನಿಲ್ಲಿಸಿ, ಮನೆಯವರಿಗೆ ಬಾಯಿಬಿಟ್ಟು ಹೇಳಿ. ಆಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿಮಾನಸ್ 14416 ಇದೆ. ಕನ್ನಡದಲ್ಲೇ ಮಾತಾಡಬಹುದು, ಉಚಿತ.

## ಹಂತ 4: ಟಿಕೆಟ್ ಕೊಳ್ಳುವಾಗ ಕಣ್ಣಾಡಿಸಬೇಕಾದ ಜಾಗಗಳು

ಅಂಗಡಿಯಲ್ಲೇ ನಿಂತು ನೋಡಿ. ಬಸ್ ಹತ್ತಿದ ಮೇಲೆ ನೋಡಿ ಉಪಯೋಗವಿಲ್ಲ.

ರಾಜ್ಯ ಸರ್ಕಾರದ ಲಾಂಛನ ಮತ್ತು ಹೆಸರು ಇರಲೇಬೇಕು. ಮಹಾರಾಷ್ಟ್ರದ ಅಂಗಡಿಯಲ್ಲಿ ಬೇರೆ ರಾಜ್ಯದ ಟಿಕೆಟ್ಟೂ ಸಿಗಬಹುದು, ಆದ್ದರಿಂದ ಯಾವ ರಾಜ್ಯದ್ದು ಎಂದು ಓದಿ. ಬಹುಮಾನ ಕೇಳಲು ಹೋಗಬೇಕಾದ್ದು ಆ ರಾಜ್ಯಕ್ಕೇ. ಮಿರಜಿನಲ್ಲಿ ಕೊಂಡೆ ಎಂದು ಈಶಾನ್ಯದ ಯಾವುದೋ ರಾಜ್ಯದ ಟಿಕೆಟ್ಟಿಗೆ ಮಹಾರಾಷ್ಟ್ರ ಸರ್ಕಾರ ದುಡ್ಡು ಕೊಡುವುದಿಲ್ಲ.

ಮುಂದೆ ಲಾಟರಿಯ ಹೆಸರು, ಡ್ರಾ ಸಂಖ್ಯೆ, ಡ್ರಾ ದಿನಾಂಕ. ದಿನಾಂಕ ಮುಗಿದ ಟಿಕೆಟ್ಟನ್ನು ಕಟ್ಟಿನ ನಡುವೆ ಸೇರಿಸಿ ಕೊಡುವವರಿದ್ದಾರೆ. ಆಮೇಲೆ ಸರಣಿ, ನಂಬರ್, ಬಾರ್‌ಕೋಡ್. ಅಂಕಿಗಳ ಮೇಲೆ ಬೆರಳಾಡಿಸಿ, ಬೆಳಕಿಗೆ ಹಿಡಿದು ನೋಡಿ. ಕತ್ತರಿಸಿ ಅಂಟಿಸಿದ್ದರೆ ಅಂಚು ಕೈಗೆ ತಾಗುತ್ತದೆ.

ಬೆಲೆ ಅಚ್ಚಾದಷ್ಟೇ. ಲಾಟರಿಗೆ ಜಿಎಸ್‌ಟಿ 28 ಶೇಕಡಾ ಇತ್ತು, 2025ರ ಸೆಪ್ಟೆಂಬರ್ 22ರಿಂದ 40 ಶೇಕಡಾ ಆಗಿದೆ. ಆದರೆ ಅದು ಟಿಕೆಟ್ ಬೆಲೆಯೊಳಗೇ ಸೇರಿದೆ. ಅಂಗಡಿಯವನು ಮೇಲೆ ತೆರಿಗೆ ಎಂದು ಕೇಳಿದರೆ ಟಿಕೆಟ್ ವಾಪಸ್ ಕೊಟ್ಟು ಮುಂದಿನ ಅಂಗಡಿಗೆ ಹೋಗಿ.

ಸೆಟ್ ತಗೊಳ್ಳಿ ಎನ್ನುತ್ತಾರೆ. ಸೆಟ್ ಅಂದರೆ ಕೊನೆಯ ನಾಲ್ಕು ಅಂಕಿ ಒಂದೇ ಇರುವ ಹಲವು ಟಿಕೆಟ್. ಇದರಿಂದ ಕೊನೆಯಂಕಿ ಬಹುಮಾನ ಹತ್ತುವ ಅವಕಾಶ ಹೆಚ್ಚುವುದಿಲ್ಲ. ಹತ್ತಿದರೆ ಎಲ್ಲಕ್ಕೂ ಹತ್ತುತ್ತದೆ, ಇಲ್ಲದಿದ್ದರೆ ಅಷ್ಟೂ ಒಟ್ಟಿಗೇ ಹೋಗುತ್ತದೆ. ಹನ್ನೆರಡು ಟಿಕೆಟ್ ಕೊಂಡರೂ ಒಂದೇ ನಂಬರಿಗೆ ಹಣ ಕಟ್ಟಿದ ಹಾಗೆ ಅಲ್ವಾ? ಮಿತಿ ಇಟ್ಟುಕೊಂಡು ಆಡುವವರಿಗೆ ಸೆಟ್ ಬೇಡ.

## ಹಂತ 5: ಡ್ರಾ ಆಗುವ ಮೊದಲು

ಟಿಕೆಟ್ ಅಂದರೆ ನೋಟಿದ್ದ ಹಾಗೆ, ಯಾರ ಕೈಯಲ್ಲಿದೆಯೋ ಅವರದ್ದು. ಅದಕ್ಕೆ ಕೊಂಡ ಕೂಡಲೇ ಹಿಂಭಾಗದಲ್ಲಿ ಹೆಸರು, ವಿಳಾಸ ಬರೆದು ಸಹಿ ಹಾಕಿ. ಇದೊಂದು ಕೆಲಸ ಮಾಡಿದರೆ ಟಿಕೆಟ್ ಕಳೆದಾಗಲೂ, ಜಗಳ ಬಂದಾಗಲೂ ಹೇಳಿಕೊಳ್ಳಲು ಒಂದು ಆಧಾರವಿರುತ್ತದೆ. ಎರಡೂ ಬದಿಯ ಫೋಟೋ ತೆಗೆದಿಡಿ. ಆ ಫೋಟೋ ನಿಮ್ಮ ಹತ್ತಿರವೇ ಇರಲಿ, ಸ್ಟೇಟಸ್‌ಗೆ ಹಾಕಬೇಡಿ.

ಅಂಗಿಯ ಜೇಬಿನಲ್ಲಿ ಬಿಟ್ಟರೆ ಬೆವರಿಗೆ ಬಾರ್‌ಕೋಡ್ ಅಳಿಸುತ್ತದೆ. ಒಗೆಯಲು ಹಾಕಿದರೆ ಎಲ್ಲವೂ ಹೋಯಿತು. ಪ್ಲಾಸ್ಟಿಕ್ ಕವರ್‌ನಲ್ಲಿ ಮಡಚದೆ ಇಡಿ. ಪಿನ್ ಹೊಡೆಯಬೇಡಿ. ಭದ್ರ ಆಗಲಿ ಎಂದು ಲ್ಯಾಮಿನೇಷನ್ ಮಾಡಿಸುವವರಿದ್ದಾರೆ, ಅದಂತೂ ಬೇಡವೇ ಬೇಡ. ಅಸಲಿ ಕಾಗದವೋ ಅಲ್ಲವೋ ಎಂದು ಕಚೇರಿಯವರು ಪರೀಕ್ಷಿಸಲು ಆಗುವುದಿಲ್ಲ.

ರಬಕವಿ-ಬನಹಟ್ಟಿಯ ಮಗ್ಗದವರು, ಸಕ್ಕರೆ ಕಾರ್ಖಾನೆಯ ಒಂದು ಪಾಳಿಯವರು ಸೇರಿ ಪಾಲು ಹಾಕಿ ಕೊಳ್ಳುವುದುಂಟು. ಹಾಗಿದ್ದರೆ ಡ್ರಾಗೆ ಮೊದಲೇ ಒಂದು ಹಾಳೆಯಲ್ಲಿ ಬರೆಯಿರಿ: ಯಾವ ಟಿಕೆಟ್, ಯಾರ್ಯಾರು, ಎಷ್ಟೆಷ್ಟು ಪಾಲು, ಟಿಕೆಟ್ ಯಾರ ಹತ್ತಿರ. ಎಲ್ಲರೂ ಸಹಿ ಮಾಡಿ, ಆ ಹಾಳೆ ಮತ್ತು ಟಿಕೆಟ್ ಅಕ್ಕಪಕ್ಕ ಇಟ್ಟ ಫೋಟೋ ಎಲ್ಲರ ಫೋನಿಗೂ ಹೋಗಲಿ. ನಾವು ಅಣ್ಣತಮ್ಮಂದಿರಿದ್ದ ಹಾಗೆ, ಕಾಗದ ಯಾಕೆ ಎನ್ನುವವರೇ ಆಮೇಲೆ ಕೋರ್ಟ್ ಮೆಟ್ಟಿಲು ಹತ್ತುತ್ತಾರೆ.

## ಹಂತ 6: ಫಲಿತಾಂಶ ನೋಡುವ ಕ್ರಮ

ಹೆಚ್ಚು ಜನ ಎಡವುವುದು ಇಲ್ಲಿ. ನಂಬರಿನಿಂದ ಶುರು ಮಾಡುತ್ತಾರೆ. ಶುರು ಮಾಡಬೇಕಾದ್ದು ಡ್ರಾ ಸಂಖ್ಯೆ ಮತ್ತು ದಿನಾಂಕದಿಂದ. ಕೇರಳದಲ್ಲಿ ವಾರದ ಒಂದೊಂದು ದಿನಕ್ಕೂ ಒಂದೊಂದು ಹೆಸರಿನ ಲಾಟರಿ. ಮಂಗಳವಾರದ ಟಿಕೆಟ್ ಹಿಡಿದು ಬುಧವಾರದ ಪಟ್ಟಿ ನೋಡಿದರೆ ಹತ್ತಿದ್ದೂ ಸುಳ್ಳು, ಹತ್ತದ್ದೂ ಸುಳ್ಳು.

ಒಂದು ಉದಾಹರಣೆ ಹಿಡಿಯೋಣ. ನಿಮ್ಮ ಟಿಕೆಟ್ ಎಡಿ 472816.

ಮೊದಲ ಬಹುಮಾನ ಎಎಫ್ 472816 ಎಂದು ಪಟ್ಟಿಯಲ್ಲಿದೆ. ಆರೂ ಅಂಕಿ ಸೇರುತ್ತವೆ, ಎದೆ ಧಸಕ್ ಎನ್ನುತ್ತದೆ. ಆದರೆ ಸರಣಿ ಬೇರೆ. ಮೊದಲ ಬಹುಮಾನಕ್ಕೆ ಸರಣಿಯೂ ನಂಬರೂ ಎರಡೂ ಕೂಡಬೇಕು. ನಿಮಗೆ ಬಂದದ್ದು ಸಮಾಧಾನಕರ ಬಹುಮಾನ. ಅದೇ ನಂಬರಿನ ಉಳಿದ ಸರಣಿಗಳಿಗೆಲ್ಲ ಕೊಡುವ ಸಣ್ಣ ಮೊತ್ತ ಅದು. ಕೋಟಿ ಬಂತೆಂದು ಟ್ರ್ಯಾಕ್ಟರ್‌ಗೆ ಅಡ್ವಾನ್ಸ್ ಕೊಡುವ ಮೊದಲು ಈ ಎರಡು ಅಕ್ಷರ ನೋಡಿ.

ಮೊದಲ ಬಹುಮಾನ ಬೇರೆ ನಂಬರಿಗಿದ್ದರೆ ಕೆಳಗಿನ ಸಾಲುಗಳಿಗೆ ಬನ್ನಿ. ಅಲ್ಲಿ ನಾಲ್ಕಂಕಿಯ ನಂಬರ್‌ಗಳಿರುತ್ತವೆ. ನಿಮ್ಮ ಕೊನೆಯ ನಾಲ್ಕು 2816. ಪಟ್ಟಿಯಲ್ಲಿ 2816 ಇದ್ದರೆ ಮಾತ್ರ ಹತ್ತಿತು. ಮೊದಲ ನಾಲ್ಕಾದ 4728 ಕಂಡರೆ ಅದು ನಿಮ್ಮದಲ್ಲ. ನಡುವಿನ 7281 ಕೂಡ ಅಲ್ಲ. ತಿರುವುಮುರುವು 6182 ಅಂತೂ ಅಲ್ಲವೇ ಅಲ್ಲ. ಕೊನೆಯ ನಾಲ್ಕಂಕಿ ಬಹುಮಾನಕ್ಕೆ ಸರಣಿ ನೋಡುವ ಅಗತ್ಯವಿಲ್ಲ. ಇದು ಗೊತ್ತಿಲ್ಲದೆ, ಸರಣಿ ಸೇರಲಿಲ್ಲ ಎಂದು ಹತ್ತಿದ ಟಿಕೆಟ್ ಹರಿದು ಒಗೆಯುವವರೂ ಇದ್ದಾರೆ. ಪಟ್ಟಿಯನ್ನು ಕೊನೆಯ ಸಾಲಿನವರೆಗೂ ನೋಡಿ.

ಪಟ್ಟಿ ಎಲ್ಲಿ ನೋಡಬೇಕು? ಆಯಾ ರಾಜ್ಯದ ಲಾಟರಿ ಇಲಾಖೆಯ ಅಧಿಕೃತ ಜಾಲತಾಣದಲ್ಲಿ. ಕೇರಳದಲ್ಲಿ ಅಂತಿಮ ಮಾತು ಸರ್ಕಾರಿ ಗೆಜೆಟ್‌ನದ್ದು. ಯೂಟ್ಯೂಬ್‌ನಲ್ಲಿ ಓದಿ ಹೇಳುವ ಪಟ್ಟಿಯಲ್ಲಿ ಅಂಕಿ ತಪ್ಪುವುದುಂಟು. ಒಬ್ಬರು ಓದಲಿ, ಇನ್ನೊಬ್ಬರು ಟಿಕೆಟ್ ನೋಡಲಿ.

## ಹಂತ 7: ಹತ್ತಿದರೆ, ಬಾಯಿಮುಚ್ಚಿ ಮಾಡಬೇಕಾದ ಕೆಲಸ

ಮೊದಲು ಗಡುವು ನೋಡಿ. ಕೇರಳದ್ದಾದರೆ ಡ್ರಾ ದಿನದಿಂದ 30 ದಿನ. ಬೇರೆ ರಾಜ್ಯಗಳದ್ದು ಟಿಕೆಟ್ ಹಿಂದೆ ಇರುತ್ತದೆ. ಗಡುವು ದಾಟಿದ ಬಹುಮಾನ ಕಾಯ್ದೆಯ ಪ್ರಕಾರ ಸರ್ಕಾರದ ಪಾಲು. ಶಬರಿಮಲೆಯಿಂದ ತಂದ ಟಿಕೆಟ್ ಎಷ್ಟೋ ಸಲ ದೇವರ ಮನೆಯ ಫೋಟೋ ಹಿಂದೆ ಉಳಿದು ಹೋಗುತ್ತದೆ. ಡ್ರಾ ದಿನಾಂಕವನ್ನು ಕ್ಯಾಲೆಂಡರ್ ಮೇಲೆ ಬರೆದಿಡಿ.

ಸಣ್ಣ ಮೊತ್ತ ಅಂಗಡಿಯಲ್ಲೇ ಸಿಗುತ್ತದೆ. ಕೇರಳದಲ್ಲಿ 5,000 ರೂಪಾಯಿವರೆಗೆ ಆ ರಾಜ್ಯದ ಲಾಟರಿ ಅಂಗಡಿಯಲ್ಲಿ ಪಡೆಯಬಹುದು. ಅದಕ್ಕಿಂತ ಹೆಚ್ಚಾದರೆ ಜಿಲ್ಲಾ ಲಾಟರಿ ಕಚೇರಿ, ದೊಡ್ಡ ಮೊತ್ತಕ್ಕೆ ತಿರುವನಂತಪುರದ ನಿರ್ದೇಶನಾಲಯ. ಬ್ಯಾಂಕ್ ಮೂಲಕ ಸಲ್ಲಿಸುವ ದಾರಿಯೂ ಇದೆ, ದೂರದವರಿಗೆ ಅದೇ ಅನುಕೂಲ. ಮಹಾರಾಷ್ಟ್ರ ಲಾಟರಿಯ ಕಚೇರಿ ನವಿ ಮುಂಬಯಿಯ ವಾಶಿಯಲ್ಲಿದೆ. ಹೊರಡುವ ಮೊದಲು ಫೋನ್ ಮಾಡಿ ಕೇಳಿಕೊಂಡು ಹೋಗಿ.

ಸಾಮಾನ್ಯವಾಗಿ ಕೇಳುವ ಕಾಗದಗಳು: ಸಹಿ ಮಾಡಿದ ಅಸಲಿ ಟಿಕೆಟ್, ಅದರ ಎರಡೂ ಬದಿಯ ಜೆರಾಕ್ಸ್, ಅರ್ಜಿ, ಆಧಾರ್ ಮತ್ತು ಪ್ಯಾನ್ ಪ್ರತಿ, ಬ್ಯಾಂಕ್ ಪಾಸ್‌ಬುಕ್ ಪ್ರತಿ, ಪಾಸ್‌ಪೋರ್ಟ್ ಅಳತೆಯ ಫೋಟೋ, ರೆವಿನ್ಯೂ ಸ್ಟಾಂಪ್ ಅಂಟಿಸಿದ ರಸೀದಿ. ಫೋಟೋ ಮತ್ತು ಪ್ರತಿಗಳಿಗೆ ಗೆಜೆಟೆಡ್ ಅಧಿಕಾರಿಯ ಸಹಿ ಕೇಳುತ್ತಾರೆ. ಹೊರರಾಜ್ಯದವರಿಗೆ ನೋಟರಿ ದೃಢೀಕರಣ ಬೇಕಾಗಬಹುದು. ಟಿಕೆಟ್ ಕೊಟ್ಟ ಕೂಡಲೇ ಸ್ವೀಕೃತಿ ಪತ್ರ ಕೈಗೆ ಬರದೆ ಆ ಕಚೇರಿಯಿಂದ ಏಳಬೇಡಿ.

ಈ ಹೊತ್ತಿನಲ್ಲಿ ಒಬ್ಬ ಬರುತ್ತಾನೆ. ಅಣ್ಣಾ, ತೆರಿಗೆ ಎಲ್ಲ ಕಡಿದು ನಿಮಗೆ ಎಷ್ಟು ಬರುತ್ತದೆ, ನಾನು ಅದಕ್ಕಿಂತ ಜಾಸ್ತಿ ನಗದು ಈಗಲೇ ಕೊಡುತ್ತೇನೆ, ಟಿಕೆಟ್ ಕೊಡಿ ಎನ್ನುತ್ತಾನೆ. ಅವನಿಗೆ ಬೇಕಿರುವುದು ತನ್ನ ಕಪ್ಪುಹಣ ಬಿಳಿ ಮಾಡಿಕೊಳ್ಳಲು ಒಂದು ಗೆದ್ದ ಟಿಕೆಟ್. ನಿಮ್ಮ ಕೈಗೆ ಬರುವುದು ಲೆಕ್ಕ ಕೊಡಲಾಗದ ನಗದು, ಕೆಲವೊಮ್ಮೆ ಖೋಟಾ ನೋಟು. ಬಾಗಿಲಿಂದಲೇ ಕಳಿಸಿ.

## ಹಂತ 8: ಮೋಸದ ಗುರುತುಗಳು

ಟಿಕೆಟ್ ಕೊಳ್ಳದವರಿಗೆ ಬಹುಮಾನ ಬರುವುದಿಲ್ಲ. 25 ಲಕ್ಷ ಬಂದಿದೆ ಎಂಬ ವಾಟ್ಸಾಪ್ ಆಡಿಯೋ, ಮೊಹರು ಹಾಕಿದ ಪತ್ರ, ಎಲ್ಲವೂ ಸುಳ್ಳು.

ಬಹುಮಾನ ಕೊಡಲು ಮೊದಲು ತೆರಿಗೆ ಕಟ್ಟಿ, ಜಿಎಸ್‌ಟಿ ಕಟ್ಟಿ, ಫೈಲ್ ಚಾರ್ಜ್ ಕಟ್ಟಿ ಎಂದರೆ ಫೋನ್ ಇಡಿ. ತೆರಿಗೆಯನ್ನು ಬಹುಮಾನದಲ್ಲೇ ಮುರಿದುಕೊಳ್ಳುತ್ತಾರೆ, ನಿಮ್ಮ ಜೇಬಿನಿಂದ ಮುಂಗಡ ಕೇಳುವುದಿಲ್ಲ.

ಕೇರಳ ಲಾಟರಿ ಮನೆಯಲ್ಲೇ ಕೂತು ಕೊಳ್ಳಿ ಎಂಬ ಜಾಹೀರಾತು ಫೇಸ್‌ಬುಕ್ ತುಂಬ ಇದೆ. ಕೇರಳ ಸರ್ಕಾರ ಆನ್‌ಲೈನ್‌ನಲ್ಲಿ ಟಿಕೆಟ್ ಮಾರುವುದೇ ಇಲ್ಲ. ಅಲ್ಲಿ ಸಿಗುವುದು ಕಾಗದದ ಟಿಕೆಟ್, ಅದೂ ಆ ರಾಜ್ಯದೊಳಗೆ. ಫೋಟೋ ಕಳಿಸಿ ಟಿಕೆಟ್ ನನ್ನ ಹತ್ತಿರ ಭದ್ರವಾಗಿರುತ್ತದೆ ಎನ್ನುವವನು ಒಂದೇ ಫೋಟೋವನ್ನು ನೂರು ಜನಕ್ಕೆ ಮಾರಿರುತ್ತಾನೆ. ಹಣ ಕಟ್ಟಿ ಆಡುವ ಆ್ಯಪ್‌ಗಳನ್ನು ಕೇಂದ್ರ ಸರ್ಕಾರ 2025ರ ಕಾಯ್ದೆಯಿಂದ ನಿಷೇಧಿಸಿದೆ.

ಹಣ ಹೋಗಿದ್ದರೆ ನಾಚಿಕೆಪಡುತ್ತ ಕೂರಬೇಡಿ. ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಬೇಗ ಹೇಳಿದಷ್ಟೂ ಹಣ ಆ ಖಾತೆಯಲ್ಲೇ ತಡೆಯುವ ಅವಕಾಶ ಹೆಚ್ಚು. ಯುಪಿಐ ವಹಿವಾಟಿನ ಸಂಖ್ಯೆ, ಆ ನಂಬರಿನ ಮೆಸೇಜುಗಳನ್ನು ಅಳಿಸದೆ ಇಟ್ಟುಕೊಳ್ಳಿ.

## ಹಂತ 9: ತೆರಿಗೆ ಮತ್ತು ಕೈಗೆ ಬರುವ ಮೊತ್ತ

ಲಾಟರಿ ಹಣಕ್ಕೆ ಆದಾಯ ತೆರಿಗೆ ನೇರವಾಗಿ 30 ಶೇಕಡಾ, ಆ ತೆರಿಗೆಯ ಮೊತ್ತದ ಮೇಲೆ 4 ಶೇಕಡಾ ಸೆಸ್. 10,000 ರೂಪಾಯಿಗಿಂತ ಹೆಚ್ಚಿನ ಬಹುಮಾನವಾದರೆ ಕೊಡುವವರೇ 30 ಶೇಕಡಾ ಮುರಿದುಕೊಂಡು ಉಳಿದದ್ದು ಕೊಡುತ್ತಾರೆ. ಅದಕ್ಕಿಂತ ಕಡಿಮೆ ಇದ್ದರೆ ಮುರಿಯುವುದಿಲ್ಲ, ಆದರೆ ಅದೂ ನಿಮ್ಮ ಆದಾಯವೇ.

ಬಹುಮಾನ 1 ಲಕ್ಷ ಎಂದುಕೊಳ್ಳಿ. ಕೇರಳದಂಥ ಕಡೆ ದೊಡ್ಡ ಬಹುಮಾನದಿಂದ ಏಜೆಂಟ್ ಕಮಿಷನ್ ಕೂಡ ಕಡಿಯುತ್ತಾರೆ. ಅದು 10 ಶೇಕಡಾ ಇದ್ದರೆ 10,000 ಹೋಗಿ 90,000 ಉಳಿಯಿತು. ಅದರಲ್ಲಿ ತೆರಿಗೆ 27,000. ಖಾತೆಗೆ ಬರುವುದು 63,000. ರಿಟರ್ನ್ಸ್ ತುಂಬುವಾಗ ಸೆಸ್ 1,080 ಕಟ್ಟಿದರೆ ಕೊನೆಗೆ ನಿಮ್ಮದು 61,920. ವರ್ಷದ ಒಟ್ಟು ಆದಾಯ 50 ಲಕ್ಷ ದಾಟಿದರೆ ಸರ್ಚಾರ್ಜ್ ಎಂಬ ಹೆಚ್ಚುವರಿ ತೆರಿಗೆಯೂ ಸೇರುತ್ತದೆ, ಆಗ ಚಾರ್ಟರ್ಡ್ ಅಕೌಂಟೆಂಟ್ ಹತ್ತಿರ ಹೋಗಿ. ಖಾತೆಗೆ ಬಂದದ್ದೆಲ್ಲ ನಿಮ್ಮದೆಂದು ಖರ್ಚು ಮಾಡಿಬಿಟ್ಟರೆ ರಿಟರ್ನ್ಸ್ ತುಂಬುವ ಜುಲೈನಲ್ಲಿ ಕಷ್ಟ.

ಇಂಡಿಯಲ್ಲಿ ನಿಂಬೆ ಬೆಳೆಯುವವರಿಗೆ ಬೆಳೆಯ ಆದಾಯಕ್ಕೆ ತೆರಿಗೆ ಇಲ್ಲ. ನಾನು ರೈತ, ಬೇರೆ ಆದಾಯವಿಲ್ಲ, ಮುರಿದ ತೆರಿಗೆ ವಾಪಸ್ ಬರಬೇಕಲ್ಲ ಎಂದು ಕೇಳುತ್ತಾರೆ. ಬರುವುದಿಲ್ಲ. ಮೂಲ ವಿನಾಯಿತಿ, 12 ಲಕ್ಷದವರೆಗಿನ ರಿಯಾಯಿತಿ, ಎಲ್‌ಐಸಿ ಕಂತಿನ ಕಡಿತ, ಯಾವುದೂ ಲಾಟರಿ ಹಣಕ್ಕೆ ತಾಗುವುದಿಲ್ಲ. ಹತ್ತದ ಟಿಕೆಟ್‌ಗಳ ಖರ್ಚನ್ನೂ ಕಳೆಯುವಂತಿಲ್ಲ.

ರಿಟರ್ನ್ಸ್ ತುಂಬುವಾಗ ಸಹಜ್ ಎನ್ನುವ ಐಟಿಆರ್ 1 ನಡೆಯುವುದಿಲ್ಲ. ವ್ಯಾಪಾರದ ಆದಾಯ ಇಲ್ಲದವರಿಗೆ ಐಟಿಆರ್ 2. ತುಂಬುವ ಮೊದಲು ತೆರಿಗೆ ಇಲಾಖೆಯ ಪೋರ್ಟಲ್‌ನಲ್ಲಿ ಫಾರ್ಮ್ 26ಎಎಸ್ ತೆರೆದು, ಮುರಿದ ತೆರಿಗೆ ನಿಮ್ಮ ಪ್ಯಾನ್‌ಗೆ ಜಮೆ ಆಗಿದೆಯೇ ನೋಡಿ. ಜಮೆ ಕಾಣದಿದ್ದರೆ ಬಹುಮಾನ ಕೊಟ್ಟ ಕಚೇರಿಗೆ ಸ್ವೀಕೃತಿ ಪತ್ರದ ಪ್ರತಿ ಜೊತೆ ಬರೆದು, ತೆರಿಗೆ ಕಡಿತದ ಪ್ರಮಾಣಪತ್ರ ತರಿಸಿಕೊಂಡ ಮೇಲೆಯೇ ರಿಟರ್ನ್ಸ್ ಸಲ್ಲಿಸಿ.